ಸಹಾಯ ಬೇಕು: ನಾಯಿ ಕಣ್ಣು ನೀಲಿಯಾಗ್ತಿದೆ, ಪೊರೆನಾ?

ನಮ್ಮ ಲ್ಯಾಬ್ರಡಾರ್ ನಾಯಿಗೆ 10 ವರ್ಷ, ಎರಡೂ ಕಣ್ಣಲ್ಲಿ ಪಾಪೆ ಒಳಗೆ ತೆಳು ನೀಲಿ ಮಂಜು ಥರ ಕಾಣ್ತಿದೆ, ಡಾಕ್ಟ್ರು ಲೈಟ್ ಹಾಕಿ ನೋಡಿ ಪೊರೆ ಅಲ್ಲ ನ್ಯೂಕ್ಲಿಯರ್ ಸ್ಕ್ಲೆರೋಸಿಸ್, ವಯಸ್ಸಾದ್ಮೇಲೆ ಲೆನ್ಸ್ ನಡುಭಾಗ ಗಟ್ಟಿಯಾಗಿ ಹಿಂಗಾಗುತ್ತೆ, ನೋವಿಲ್ಲ, ಔಷಧಿನೂ ಬೇಡ ಅಂದ್ರು. ಇರಬಹುದು, ಯಾಕಂದ್ರೆ ರಾತ್ರಿ ಟಾರ್ಚ್ ಬಿದ್ರೆ ಕಣ್ಣು ಈಗ್ಲೂ ಹಸಿರಾಗಿ ಹೊಳಿಯುತ್ತೆ, ಎಸೆದ ಬಿಸ್ಕತ್ತು ಗಾಳಿಲೇ ಹಿಡಿಯುತ್ತೆ. ಆದ್ರೆ ಮೂತಿ ಹತ್ರ ಇಟ್ಟಿದ್ದನ್ನ ಮೂಸಿ ಮೂಸಿ ಹುಡುಕುತ್ತೆ, ಸಂಜೆ ಮೆಟ್ಲು ಇಳಿಯೋಕೆ ಹಿಂದೇಟು. ಪಕ್ಕದ್ಮನೆಯವ್ರು ಕಣ್ಣಿಗೆ ಜೇನುತುಪ್ಪ ಹಾಕಿ ಅಂತಾರೆ, ಅದಂತೂ ನಾನು ಮಾಡಲ್ಲಪ್ಪ! ನಿಮ್ಮನೆ ನಾಯಿಗೂ ಹಿಂಗೇ ಆಗಿದ್ರೆ, ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿ ಮತ್ತೆ ಚೆಕ್ ಮಾಡಿಸಿದ್ರಾ? ಶುಗರ್ ಇದ್ರೆ ಪೊರೆ ಬೇಗ ಬರುತ್ತಂತೆ, ಆ ಟೆಸ್ಟೂ ಮಾಡಿಸ್ಲಾ? ಮೈಸೂರು ಕಡೆ ನಾಯಿ ಕಣ್ಣು ಚೆನ್ನಾಗಿ ನೋಡೋ ಡಾಕ್ಟ್ರು ಗೊತ್ತಿದ್ರೆ ದಯವಿಟ್ಟು ತಿಳಿಸಿ.