ಸಹಾಯ ಬೇಕು: ಅಪ್ಪನ ಕಾಲು ಹೊಸ್ತಿಲಲ್ಲೇ ಅಂಟಿಕೊಳ್ಳುತ್ತದೆ

ನಮಸ್ಕಾರ, ನಾವು ಡೊಂಬಿವಲಿಯವರು. ಅಪ್ಪನಿಗೆ 71, ಪಾರ್ಕಿನ್ಸನ್ ಶುರುವಾಗಿ 8 ವರ್ಷ. ಕೈನಡುಕ ಲೆವೊಡೋಪಾ ಮಾತ್ರೆಗೆ ಬಗ್ಗುತ್ತದೆ, ಆದರೆ ಬಚ್ಚಲ ಹೊಸ್ತಿಲು ಬಂದರೆ ಸಾಕು, ಮಾತ್ರೆ ಕೆಲಸ ಮಾಡುತ್ತಿರುವಾಗಲೂ ಕಾಲು ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತಾರೆ. ಫಿಸಿಯೋ ಹೇಳಿದಂತೆ ನೆಲಕ್ಕೆ ಅಡ್ಡಡ್ಡ ಬಿಳಿ ಟೇಪ್ ಹಾಕಿದೆವು, ಅದನ್ನು ದಾಟಿ ದಾಟಿ ಚೆನ್ನಾಗೇ ನಡೆಯುತ್ತಾರೆ (ಅಮ್ಮ ಒರೆಸಿ ಒರೆಸಿ ಅರ್ಧ ಟೇಪ್ ಕಿತ್ತಿದೆ, ಅದು ಬೇರೆ ಕಥೆ). ಲಿಫ್ಟ್ ಬಾಗಿಲಲ್ಲಿ ಮತ್ತೆ ಅದೇ.

ಡಿಬಿಎಸ್ ಆಪರೇಷನ್ (ಮಿದುಳೊಳಗೆ ತಂತಿ ಇಟ್ಟು ಸಣ್ಣ ಕರೆಂಟ್ ಕೊಡೋದು) ಬಗ್ಗೆ ಕೇಳಿದೆ. ಮಾತ್ರೆಗೆ ಜಗ್ಗದ್ದು ಸಾಮಾನ್ಯವಾಗಿ ಅದಕ್ಕೂ ಜಗ್ಗಲ್ಲ ಅಂದರು ಡಾಕ್ಟರು. ಈಗ ತಲೆ ಕೊಯ್ಯದೆ, ಹೊರಗಿಂದಲೇ ಮ್ಯಾಗ್ನೆಟ್‌ನಲ್ಲಿ ಮಿದುಳಿಗೆ ಪ್ರಚೋದನೆ ಕೊಡುವ ಆರ್‌ಟಿಎಂಎಸ್, ಜೊತೆಗೆ ನಡಿಗೆ ಅಭ್ಯಾಸ ಮಾಡಿಸಿ ಅಂತಾರೆ. ಗುಣ ಬರೋದು ಅಭ್ಯಾಸದಿಂದಲೋ ಮ್ಯಾಗ್ನೆಟ್‌ನಿಂದಲೋ, ಅದೇ ತಿಳಿಯುತ್ತಿಲ್ಲ.

ಮುಂಬೈ, ಪುಣೆ ಕಡೆ ಯಾರಾದರೂ ಮನೆಯವರಿಗೆ ಮಾಡಿಸಿದ್ದೀರಾ? ಕಾಲು ಅಂಟೋದು ಕಡಿಮೆಯಾಯ್ತಾ, ಎಷ್ಟು ದಿನ ಉಳಿಯಿತು?