ಜಮಖಂಡಿ–ಬೆಳಗಾವಿ ಲಿಂಕನ್ನು ಆಫೀಸಿನ ಟೇಬಲ್ ಮೇಲೆ ಟೆಸ್ಟ್ ಮಾಡುವುದು

ಪ್ರಶ್ನೆ: ನಮಸ್ಕಾರ್ರಿ. ಜಮಖಂಡಿ ಕಡೆ ಒಂದು ಸಕ್ಕರಿ ಕಾರ್ಖಾನೆ ಕಾಟಾಕ್ಕ ಸಾಫ್ಟ್‌ವೇರ್ ಮಾಡೇವಿ. ಸರ್ವರ್ ಬೆಳಗಾವಿ ಆಫೀಸಿನ್ಯಾಗ ಐತಿ. ಇಲ್ಲಿ ಕಬ್ಬಿನ ತೂಕದ ಚೀಟಿ ಒಂದು ಸೆಕೆಂಡಿಗೆ ಬರತೈತಿ, ಕಾಟಾದಾಗ 12 ಸೆಕೆಂಡ್ ಹಿಡೀತೈತಿ. ಅಲ್ಲಿಂದ ಪಿಂಗ್ (ಪ್ಯಾಕೆಟ್ ಹೋಗಿ ಬರೂ ಟೈಮ್) 80 ಮಿಲಿಸೆಕೆಂಡ್, ಲಿಂಕ್ 2 ಎಂಬಿ (ಸೆಕೆಂಡಿಗೆ 2 ಮೆಗಾಬಿಟ್). ಹಂಗಾಮು ಚಾಲೂ ಆಗೂದ್ರೊಳಗ ಇಲ್ಲೇ ಟೆಸ್ಟ್ ಮಾಡೂನಂತ ನನ್ನ ಲಿನಕ್ಸ್ ಮಷಿನ್‌ದಾಗ ನೆಟ್‌ಎಮ್ (ನೆಟ್‌ವರ್ಕ್ ಬೇಕಂತ ನಿಧಾನ ಮಾಡೂ ಲಿನಕ್ಸ್ ಸೌಲಭ್ಯ) ಡಿಲೇ 80 ಹಾಕೀನಿ. ಗೇಟ್‌ವೇಗೆ ಪಿಂಗ್ 80 ತೋರಸ್ತೈತಿ, ಚೀಟಿ ಮಾತ್ರ ಒಂದೇ ಸೆಕೆಂಡಿಗೆ ಬರತೈತಿ. ಡೇಟಾಬೇಸೂ ಇದೇ ಮಷಿನ್‌ದಾಗ ಐತಿ. ಎಲ್ಲಿ ತಪ್ಪೇನಿ?

ಉತ್ತರ: ಡೇಟಾಬೇಸ್ ಅದೇ ಮಷಿನ್‌ನಲ್ಲಿದೆ ಅಂದಿರಲ್ಲ, ತಪ್ಪು ಅಲ್ಲೇ ಇದೆ ನೋಡ್ರಿ. ಆ ಪ್ಯಾಕೆಟ್ ಲ್ಯಾನ್ ಕಾರ್ಡ್ ಮುಟ್ಟುವುದೇ ಇಲ್ಲ, ಲೂಪ್‌ಬ್ಯಾಕ್‌ನಲ್ಲೇ (ಮಷಿನ್ ತನ್ನೊಳಗೇ ಮಾತಾಡುವ ದಾರಿ) ತಿರುಗಿ ಬರುತ್ತದೆ. ಹಾಗಂತ ಲೂಪ್‌ಬ್ಯಾಕ್‌ಗೆ 80 ಹಾಕಬೇಡಿ. ಹೋಗುವುದಕ್ಕೂ ಬರುವುದಕ್ಕೂ ಅದೊಂದೇ ಬಾಗಿಲು, ಪಿಂಗ್ 160 ಆಗುತ್ತದೆ.

ಕ್ಲೈಂಟ್ ಬೇರೆ, ಸರ್ವರ್ ಬೇರೆ ಮಾಡಿ, ನಡುವೆ ಎರಡು ಲ್ಯಾನ್ ಕಾರ್ಡಿನ ಒಂದು ಹಳೇ ಪಿಸಿ ಇಡಿ. ಎರಡೂ ಕಾರ್ಡ್ ಸೇರಿಸಿ ಬ್ರಿಡ್ಜ್ ಮಾಡಿದರೆ ಐಪಿ ಬದಲಿಸುವ ಕೆಲಸವೂ ಇಲ್ಲ. ನೆಟ್‌ಎಮ್ ಹಿಡಿಯುವುದು ಪ್ಯಾಕೆಟ್ ಹೊರಗೆ ಹೋಗುವಾಗ ಮಾತ್ರ, ಹಾಗಾಗಿ 80ನ್ನು ಎರಡು ಪಾಲು ಮಾಡಿ ಒಂದೊಂದು ಕಾರ್ಡಿಗೆ 40 ಕೊಡಿ (ಟಿಸಿ ಅಂದರೆ ನೆಟ್‌ಎಮ್ ಹಾಕುವ ಲಿನಕ್ಸ್ ಕಮಾಂಡ್, ಇಟಿಎಚ್0 ಮೊದಲ ಕಾರ್ಡಿನ ಹೆಸರು):

ಟಿಸಿ ಕ್ಯೂಡಿಸ್ಕ್ ಆ್ಯಡ್ ಡೆವ್ ಇಟಿಎಚ್0 ರೂಟ್ ನೆಟ್‌ಎಮ್ ಡಿಲೇ 40ಎಂಎಸ್ ರೇಟ್ 2ಎಂಬಿಟ್ ಲಿಮಿಟ್ 60

ಇಟಿಎಚ್1ಕ್ಕೂ ಇದೇ ಸಾಲು. ಬಿಆರ್0 ಅಂತ ಬ್ರಿಡ್ಜ್‌ನ ಹೆಸರಿಗೆ ಹಾಕಿದರೆ ದಾಟಿ ಹೋಗುವ ಪ್ಯಾಕೆಟ್ಟಿಗೆ ಅದು ತಾಗುವುದಿಲ್ಲ. 'ಎಂಬಿಟ್' ಅಂತಲೇ ಬರೆಯಿರಿ. ಟಿಸಿಯಲ್ಲಿ 'ಎಂಬಿಪಿಎಸ್' ಅಂದರೆ ಸೆಕೆಂಡಿಗೆ ಮೆಗಾಬೈಟ್, ನಿಮ್ಮ 2 ಎಂಬಿ ಲಿಂಕ್ 16 ಮೆಗಾಬಿಟ್ ಆಗಿಬಿಡುತ್ತದೆ.

ಲಿಮಿಟ್ (ಸಾಲಿನಲ್ಲಿ ಹೆಚ್ಚೆಂದರೆ ಎಷ್ಟು ಪ್ಯಾಕೆಟ್ ಅನ್ನುವುದು) ಬಿಟ್ಟರೆ ನೆಟ್‌ಎಮ್ ತಾನಾಗಿ 1000 ಪ್ಯಾಕೆಟ್ ಹಿಡಿಯುತ್ತದೆ. 1500 ಬೈಟಿನ 1000 ಪ್ಯಾಕೆಟ್ 2 ಮೆಗಾಬಿಟ್‌ನಲ್ಲಿ ಖಾಲಿಯಾಗಲು 6 ಸೆಕೆಂಡ್ ಬೇಕು; ಯಾರಾದರೂ ಒಂದು ದೊಡ್ಡ ಫೈಲ್ ಕಳಿಸಿದರೆ ಚೀಟಿ ಅದರ ಹಿಂದೆ ನಿಲ್ಲುತ್ತದೆ. ಗಿಗಾಬಿಟ್ ಲಿಂಕಿನಲ್ಲಿ ಇದರ ಉಲ್ಟಾ: 40 ಮಿಲಿಸೆಕೆಂಡಿಗೆ 3300ರಷ್ಟು ಪ್ಯಾಕೆಟ್ ದಾರಿಯಲ್ಲಿರುತ್ತವೆ, 1000 ಸಾಲದೆ ನೀವು ಹೇಳದ ಲಾಸ್ (ಪ್ಯಾಕೆಟ್ ಕಳೆದುಹೋಗುವುದು) ಶುರುವಾಗುತ್ತದೆ. 'ಟಿಸಿ ಮೈನಸ್ ಎಸ್ ಕ್ಯೂಡಿಸ್ಕ್ ಶೋ' ಕೊಟ್ಟು ಡ್ರಾಪ್ಡ್ ಎಣಿಕೆ ನೋಡುತ್ತಿರಿ.

ಎಥ್‌ಟೂಲ್ ಕಮಾಂಡಿನಿಂದ ಎರಡೂ ಕಾರ್ಡಿನ ಜಿಆರ್‌ಒ, ಜಿಎಸ್‌ಒ, ಟಿಎಸ್‌ಒ (ಪ್ಯಾಕೆಟ್‌ಗಳನ್ನು ಗಂಟಾಗಿ ಸಾಗಿಸುವ ಸೌಲಭ್ಯಗಳು) ಆಫ್ ಮಾಡಿ. ಇಲ್ಲದಿದ್ದರೆ ಹತ್ತಾರು ಪ್ಯಾಕೆಟ್ ಒಂದೇ ಗಂಟಾಗಿ ಬರುತ್ತವೆ, ನೆಟ್‌ಎಮ್ ಅದನ್ನು ಒಂದು ಅಂತ ಎಣಿಸಿ ಇಡೀ ಗಂಟನ್ನೇ ಬೀಳಿಸುತ್ತದೆ.

ಪ್ರಶ್ನೆ: ಈಗ ಇಲ್ಲೂ 12 ಸೆಕೆಂಡ್ ಬಂತ್ರಿ! ಲಿಂಕ್ 10 ಎಂಬಿ ಮಾಡಿಸಿದ್ರ ಕಡಿಮಿ ಆಗತೈತೇನ್ರಿ? ಮತ್ತ 4ಜಿ ಬ್ಯಾಕಪ್ ಐತಿ, ಅದರ ಜಿಟರ್ (ಡಿಲೇದ ಏರಿಳಿತ) ಹೆಂಗ ಹಾಕೂದು?

ಉತ್ತರ: ದುಡ್ಡು ಕೊಡುವ ಮೊದಲು ಅದೇ ಸಾಲಿನಲ್ಲಿ ಆ್ಯಡ್ ಬದಲು ಚೇಂಜ್, ರೇಟ್ 10ಎಂಬಿಟ್, ಲಿಮಿಟ್ 300 ಕೊಟ್ಟು ನೋಡಿ. 12 ಹಾಗೇ ಉಳಿದರೆ ಲಿಂಕಿನ ಅಗಲದ ಮಾತಲ್ಲ. ವೈರ್‌ಶಾರ್ಕ್‌ನಲ್ಲಿ (ಪ್ಯಾಕೆಟ್ ತೆರೆದು ನೋಡುವ ಸಾಫ್ಟ್‌ವೇರ್) ಒಂದು ಚೀಟಿಗೆ ಎಷ್ಟು ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ಹೋಗುತ್ತವೆ ಎಣಿಸಿ. ಒಂದರ ಉತ್ತರ ಬಂದಮೇಲೆ ಇನ್ನೊಂದು ಅಂತ 150 ಕ್ವೆರಿ ಇದ್ದರೆ 80 ಮಿಲಿಸೆಕೆಂಡಿನಂತೆ 12 ಸೆಕೆಂಡ್ ಸರಿಯಾಗಿ ಆಯಿತು. ರೈತನ ಹೆಸರು, ಗಾಡಿ, ತಳಿ, ದರ ಬೇರೆಬೇರೆಯಾಗಿ ಕೇಳುವುದನ್ನು ಒಂದೇ ಕ್ವೆರಿಗೆ ತನ್ನಿ.

ಇನ್ನೊಬ್ಬರ ಉತ್ತರ: 4ಜಿ ಬಗ್ಗೆ ನಾನು ಸೇರಿಸ್ತೀನಿ. 'ಡಿಲೇ 40ಎಂಎಸ್ 15ಎಂಎಸ್' ಅಂದರೆ 25ರಿಂದ 55ರವರೆಗೆ ಏರಿಳಿಯುತ್ತದೆ. ರೇಟ್ ಇಲ್ಲದೆ ಜಿಟರ್ ಒಂದನ್ನೇ ಹಾಕಿದರೆ ಹಿಂದಿನ ಪ್ಯಾಕೆಟ್ ಮುಂದೆ ಬಂದು ಸಾಲು ತಪ್ಪಬಹುದು. ಅದು ಬೇಡವಾದರೆ ಜೊತೆಗೆ ರೇಟ್ ಕೂಡ ಕೊಡಿ. ಬರೀ 'ಲಾಸ್ 1%' ಕೊಟ್ಟರೆ ಪ್ಯಾಕೆಟ್ ಅಲ್ಲೊಂದು ಇಲ್ಲೊಂದು ಬೀಳುತ್ತದೆ, ರೇಡಿಯೋದಲ್ಲಿ ಗುಂಪಾಗಿ ಬೀಳುತ್ತದೆ. 'ಲಾಸ್ ಜಿಇಮಾಡೆಲ್ 0.2% 20%' ಕೊಡಿ: ಸರಾಸರಿ ಸುಮಾರು 1%, ಒಮ್ಮೆ ಬಿದ್ದರೆ ಸರಾಸರಿ ಐದು.

ಲಿಂಕ್ ಕಡಿತ ಪರೀಕ್ಷಿಸಲು ಕೇಬಲ್ ಕೀಳಬೇಡಿ. ಕಿತ್ತರೆ ಕಾರ್ಡಿಗೆ ತಕ್ಷಣ ಗೊತ್ತಾಗುತ್ತದೆ, ಕಾಟಾದಲ್ಲಿ ಹಾಗೆ ಗೊತ್ತಾಗುವುದಿಲ್ಲ. ಬದಲಿಗೆ ಲಾಸ್ 100% ಕೊಡಿ, ಅದೂ ಸರ್ವರ್‌ನಿಂದ ಕ್ಲೈಂಟ್ ಕಡೆಗೆ ಹೋಗುವ ಕಾರ್ಡಿಗೆ ಮಾತ್ರ. ಕನೆಕ್ಷನ್ ಮೊದಲೇ ತೆರೆದಿರಲಿ. ಸೇವ್ ಒತ್ತಿ, ನಿಮ್ಮ ಸಾಫ್ಟ್‌ವೇರ್ ಟೈಮ್‌ಔಟ್ ದಾಟುವವರೆಗೆ ಕಾಯ್ದು ಲಾಸ್ ತೆಗೆಯಿರಿ. ತೂಕ ಸರ್ವರ್‌ಗೆ ತಲುಪಿದೆ, ಉತ್ತರ ಕಳೆದಿದೆ. ಆಪರೇಟರ್ ಮತ್ತೆ ಸೇವ್ ಒತ್ತುತ್ತಾನೆ. ಒಂದೇ ಟ್ರ್ಯಾಕ್ಟರಿಗೆ ಎರಡು ನೋಂದಣಿ ಆಗಿದ್ದರೆ ಒಂದೊಂದು ತೂಕಕ್ಕೂ ಕ್ಲೈಂಟ್‌ನಲ್ಲೇ ವಿಶಿಷ್ಟ ನಂಬರ್ ಹುಟ್ಟಿಸಿ, ಸರ್ವರ್ ಅದೇ ನಂಬರನ್ನು ಎರಡನೇ ಸಲ ತೆಗೆದುಕೊಳ್ಳದಂತೆ ಮಾಡಿ. ಇದು ರೈತರ ಬಿಲ್ಲಿನ ವಿಷಯ, ಸರಿಯಾಗುವವರೆಗೆ ಕಾಟಾಕ್ಕೆ ಹಾಕಬೇಡಿ.