ಎಂಜಿಬಿಯ ಕರೆಂಟ್ ಕಾಟಕ್ಕೆ ಡಾಟ್ಸನ್ 240ಝಡ್ ಮದ್ದೇ?

ಪ್ರಶ್ನೆ: ನನ್ನದು 1970ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಹೆಡ್‌ಲೈಟ್ ಮಂಕು, ಇಂಡಿಕೇಟರ್ ಆಗಾಗ ಸಾಯುತ್ತದೆ. ವೈರಿಂಗ್ ಪೂರ್ತಿ ಬದಲಿಸಬೇಕೇ, ಇಲ್ಲ ಮಾರಿ ಜಪಾನಿನ ಸ್ಪೋರ್ಟ್ಸ್ ಕಾರು ಡಾಟ್ಸನ್ 240ಝಡ್ ಕೊಳ್ಳಬೇಕೇ?

ಉತ್ತರ 1: ವೈರಿಂಗ್ ಕೀಳಬೇಡಿ. ಬಹುಪಾಲು ತಪ್ಪು ವೈರುಗಳನ್ನು ಜೋಡಿಸುವ ಬುಲೆಟ್ ಕನೆಕ್ಟರುಗಳದ್ದು. ತೇವ ಸೇರಿ ಕಿಲುಬು ಹಿಡಿದಿರುತ್ತದೆ. ಲೈಟ್ ಹಾಕಿಟ್ಟು ಲ್ಯಾಂಪಿನ ಕರೆಂಟು ಬಾಡಿಗೆ ಮರಳುವ ಜೋಡಣೆಯಾದ ಅರ್ತ್‌ಗೂ ಬ್ಯಾಟರಿಯ ನೆಗೆಟಿವ್‌ಗೂ ಮಲ್ಟಿಮೀಟರ್ ಹಿಡಿಯಿರಿ. 0.2 ವೋಲ್ಟ್ ದಾಟಿದರೆ ಅರ್ತ್ ಕೆಟ್ಟಿದೆ. ಎಮರಿ ಕಾಗದದಿಂದ ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿ. ಆಮೇಲೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಹಾಕಿ. ಈಗ ಹೆಡ್‌ಲೈಟಿನ ಪೂರ್ತಿ ಕರೆಂಟು ಸ್ವಿಚ್ಚಿನೊಳಗೇ ಹರಿಯುತ್ತಿದೆ.

ಉತ್ತರ 2: ಸೀಟಿನ ಹಿಂದಿನ ಎರಡು 6 ವೋಲ್ಟ್ ಬ್ಯಾಟರಿಗಳನ್ನು ಜೋಡಿಸುವ ಕೇಬಲ್ಲನ್ನೂ ನೋಡಿ.

ಉತ್ತರ 3: 240ಝಡ್‌ನ 2.4 ಲೀಟರ್ ಎಂಜಿನ್ ಬಲು ಗಟ್ಟಿ, ಒಪ್ಪುತ್ತೇನೆ. ಆದರೆ ಬ್ಯಾಟರಿ ತಟ್ಟೆಯ ಕೆಳಗೆ, ಫ್ಲೋರಿನಲ್ಲಿ ತುಕ್ಕು ತಿನ್ನುತ್ತದೆ. ಎಂಜಿಬಿಗಾದರೆ ಹೊಸ ಬಾಡಿ ಶೆಲ್ಲನ್ನೇ (ಕಾರಿನ ಇಡೀ ಲೋಹದ ಒಡಲು) ಮತ್ತೆ ತಯಾರಿಸಿದ್ದಾರೆ. ಮಾರಬೇಡಿ.